ಒಳಚರಂಡಿಯಲ್ಲಿ ಕಾರ್ಖಾನೆಯ ವಿಷ: ನಗರ ತೆರುವ ಬೆಲೆ

ಶರೀರದಲ್ಲಿ ಮೂತ್ರಪಿಂಡಗಳು ಮಾಡುವ ಕೆಲಸವನ್ನು ನಗರದಲ್ಲಿ ಒಳಚರಂಡಿಯೂ ಅದರ ತುದಿಯಲ್ಲಿರುವ ಶುದ್ಧೀಕರಣ ಸ್ಥಾವರವೂ ಮಾಡುತ್ತವೆ. ಮೂತ್ರಪಿಂಡಗಳು ಸರಿಯಾಗಿರುವವರೆಗೆ ಅವುಗಳ ನೆನಪು ಯಾರಿಗೂ ಬರುವುದಿಲ್ಲ. ಕೆಟ್ಟಮೇಲೆ ಬೇರೆ ಯಾವುದರ ನೆನಪೂ ಉಳಿಯುವುದಿಲ್ಲ. ಒಳಚರಂಡಿಯ ಸ್ಥಿತಿಯೂ ಹೀಗೆಯೇ. ಬಚ್ಚಲ ನೀರು ಕಣ್ಮರೆಯಾದೊಡನೆ ಅದರ ವಿಚಾರವೂ ಮನಸ್ಸಿನಿಂದ ಮರೆಯಾಗುತ್ತದೆ. ಮುಂಬಯಿಯಲ್ಲಿ ಬಿಡಾರ ಹೂಡಿದ ಕನ್ನಡಿಗರಲ್ಲಿ ನೀರಿನ ನಲ್ಲಿ ಎಷ್ಟು ಗಂಟೆಗೆ ಬರುತ್ತದೆಂಬುದನ್ನು ಬಲ್ಲವರೇ ಎಲ್ಲರೂ. ಆ ನೀರು ಬಳಕೆಯಾದ ಬಳಿಕ ಎಲ್ಲಿಗೆ ಹೋಗುತ್ತದೆ, ದಾರಿಯಲ್ಲಿ ಅದರೊಡನೆ ಏನೇನು ಕೂಡಿಕೊಳ್ಳುತ್ತದೆ ಎಂಬುದನ್ನು ಬಲ್ಲವರು ವಿರಳ.

ವಿಲೆ ಪಾರ್ಲೆಯ ಹಳೆಯ ನಿವಾಸಿಗಳಿಗೆ ಕಾರ್ಖಾನೆ ಎಂದೊಡನೆ ನೆನಪಾಗುವುದು ಬಿಸ್ಕತ್ತಿನ ಪರಿಮಳ. 1929ರಲ್ಲಿ ಆರಂಭವಾಗಿ 2016ರಲ್ಲಿ ಮುಚ್ಚಿದ ಆ ಕಾರ್ಖಾನೆಯ ವಾಸನೆ ರೈಲಿನಲ್ಲಿ ಹೋಗುವವರಿಗೂ ನಿಲ್ದಾಣದ ಗುರುತಾಗಿತ್ತು. ಆದರೆ ವಿಮಾನ ನಿಲ್ದಾಣದ ಆಚೆಯ ಮಗ್ಗುಲಿನ ಕಥೆ ಬೇರೆ. ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿಯಿಂದ ಹೊರಟು, ಮರೋಳ, ಸಾಕಿನಾಕಾ, ಸಫೇದ್ ಪೂಲ್‌ಗಳ ಮೂಲಕ ಬಂದು, ವಿಮಾನಗಳ ಓಡುದಾರಿಯ ಕೆಳಗೆ ನುಸುಳಿ, ಕುರ್ಲಾ, ಧಾರಾವಿಗಳನ್ನು ದಾಟಿ ಮಾಹೀಮಿನಲ್ಲಿ ಸಮುದ್ರ ಸೇರುವ ಮೀಠೀ ನದಿಯ ಉದ್ದ ಸುಮಾರು 18 ಕಿಲೋಮೀಟರು. ಈ ಹಾದಿಯ ದಡದಲ್ಲಿ ಎಣ್ಣೆಯ ಹಾಗೂ ರಸಾಯನಗಳ ಖಾಲಿ ಪೀಪಾಯಿಗಳನ್ನು ತೊಳೆದು ಮಾರುವ ಗುಜರಿಯವರು, ಲೋಹಕ್ಕೆ ಲೇಪ ಕೊಡುವ ಕಾರ್ಯಾಗಾರಗಳು, ಬಣ್ಣ ಹಾಕುವ ಸಣ್ಣ ಘಟಕಗಳು ದಶಕಗಳಿಂದ ಬೀಡುಬಿಟ್ಟಿವೆ. ಒಂದೊಂದು ಘಟಕವೂ ಹೊರಬಿಡುವುದು ಅಲ್ಪವೇ. ಎಲ್ಲವೂ ಕೂಡಿದಾಗ ಅದು ಅಲ್ಪವಲ್ಲ. ಮೀಠೀ ಎಂದರೆ ಸಿಹಿ ಎಂದರ್ಥ. ಹೆಸರಿಟ್ಟ ಕಾಲದಲ್ಲಿ ಅದು ಸಿಹಿನೀರೇ ಆಗಿದ್ದಿರಬೇಕು.

ಸೂಕ್ಷ್ಮಜೀವಿಗಳ ಚಾಕರಿ

ಒಳಚರಂಡಿಯ ನೀರನ್ನು ಶುದ್ಧಗೊಳಿಸುವವರು ವಾಸ್ತವವಾಗಿ ಇಂಜಿನಿಯರರಲ್ಲ, ಸೂಕ್ಷ್ಮಜೀವಿಗಳು. ಮಲಿನಜಲಕ್ಕೆ ಗಾಳಿಯನ್ನು ಊದಿ ಬ್ಯಾಕ್ಟೀರಿಯಗಳನ್ನು ಬೆಳೆಸಿದರೆ ಅವು ಅದರಲ್ಲಿನ ಕೊಳೆಯನ್ನು ತಿಂದು ಕೆಸರಾಗಿ ಕೆಳಗಿಳಿಯುತ್ತವೆ. ಮೇಲಿನ ನೀರು ತಿಳಿಯಾಗುತ್ತದೆ. ‘ಸಕ್ರಿಯ ಕೆಸರು’ ಎನ್ನಲಾಗುವ ಈ ವಿಧಾನವನ್ನು ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಎರಡೇ ವರ್ಷಗಳಲ್ಲಿ, ಅಂದರೆ 1916ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರೆಂಬುದು ಕನ್ನಡಿಗರು ನೆನಪಿಡತಕ್ಕ ಸಂಗತಿ. ಇಂದು ಜಗತ್ತಿನ ದೊಡ್ಡ ನಗರಗಳು ನಂಬಿಕೊಂಡಿರುವ ವಿದ್ಯೆಯ ಮೂಲಪುರುಷರಲ್ಲೊಬ್ಬರು ಹೀಗೆ ಮಲ್ಲೇಶ್ವರದ ನೆರೆಯಲ್ಲಿ ಪಾಠ ಹೇಳಿದ್ದುಂಟು.

ಈ ಬ್ಯಾಕ್ಟೀರಿಯಗಳು ಅನ್ನದ ಗಂಜಿ, ಸಾಬೂನು, ಮಲಮೂತ್ರಗಳನ್ನು ಜೀರ್ಣಿಸಿಕೊಳ್ಳಬಲ್ಲವು. ಸಯನೈಡು, ತಾಮ್ರ, ಕ್ರೋಮಿಯಂಗಳನ್ನು ಜೀರ್ಣಿಸಿಕೊಳ್ಳಲಾರವು. ವಿಷದ ಪ್ರಮಾಣ ಮಿತಿಮೀರಿದರೆ ಸಾಯುತ್ತವೆ. ಅದರಲ್ಲಿಯೂ ಅಮೋನಿಯವನ್ನು ಜೀರ್ಣಿಸುವ ಜಾತಿಯವು ಬಲು ಕೋಮಲ ಜೀವಿಗಳು. ನಿಧಾನವಾಗಿ ಬೆಳೆಯುವ ಅವು ಒಮ್ಮೆ ನಾಶವಾದರೆ ಸ್ಥಾವರ ಮೊದಲಿನ ಸ್ಥಿತಿಗೆ ಮರಳಲು ವಾರಗಳೇ ಬೇಕಾಗುತ್ತವೆ. ಅಲ್ಲಿಯವರೆಗೆ ಬರುವ ಕೊಳೆನೀರು ಬಂದಂತೆಯೇ ಹೊರಹೋಗುತ್ತದೆ. ಒಬ್ಬ ಲೇಪನದವನು ಒಂದು ರಾತ್ರಿ ತನ್ನ ತೊಟ್ಟಿಯನ್ನು ಬರಿದುಮಾಡಿದ್ದಕ್ಕೆ ಲಕ್ಷಾಂತರ ಮನೆಗಳ ಕೊಳೆ ಶುದ್ಧವಾಗದೆ ಹರಿಯಬಹುದೆಂಬುದು ಇದರ ತಾತ್ಪರ್ಯ.

ಪ್ರಮಾಣ ಅಷ್ಟು ತೀವ್ರವಿರದಿದ್ದಲ್ಲಿ ಬ್ಯಾಕ್ಟೀರಿಯಗಳು ಬದುಕುತ್ತವೆ, ಲೋಹವು ಕೆಸರಿಗೆ ಅಂಟಿಕೊಳ್ಳುತ್ತದೆ. ನೀರು ಶುದ್ಧವಾಯಿತು, ಕೆಸರು ಕೆಟ್ಟಿತು. ಗೊಬ್ಬರವಾಗಿ ಹೊಲ ಸೇರಬೇಕಾಗಿದ್ದ ಆ ಕೆಸರನ್ನು ವಿಷವಸ್ತುವೆಂದು ಹಣ ತೆತ್ತು ಹೂಳಬೇಕಾಗುತ್ತದೆ. ಕ್ಯಾಡ್ಮಿಯಂ ಹೊಲ ಸೇರಿದರೆ ಏನಾಗುತ್ತದೆಂಬುದನ್ನು ಜಪಾನಿನ ಜಿಂಜು ನದಿಯ ಬಯಲು ತೋರಿಸಿಕೊಟ್ಟಿದೆ: ಅಲ್ಲಿ ಗಣಿಯ ಕೊಳೆ ಬೆರೆತ ನೀರಿನಿಂದ ಬೆಳೆದ ಅಕ್ಕಿಯನ್ನುಂಡವರ, ವಿಶೇಷವಾಗಿ ವಯಸ್ಸಾದ ಹೆಂಗಸರ, ಮೂಳೆಗಳು ಮೆತ್ತಗಾಗಿ ಅಲುಗಿದರೆ ಮುರಿಯುವಂತಾದವು. 1968ರಲ್ಲಿ ಅಲ್ಲಿನ ಸರಕಾರ ಇದನ್ನು ಮಾಲಿನ್ಯದಿಂದಾದ ರೋಗವೆಂದು ಒಪ್ಪಿಕೊಂಡಿತು. ‘ಇತಾಯ್ ಇತಾಯ್’ ಎಂಬ ಅದರ ಹೆಸರಿಗೆ ‘ಅಯ್ಯೋ ನೋವು’ ಎಂದರ್ಥ.

ಕಾನೂನಿನ ಒಂದು ಟಿಪ್ಪಣಿ

ಈ ವಿಷಯದಲ್ಲಿ ಕಾನೂನಿಲ್ಲವೆನ್ನುವಂತಿಲ್ಲ. ಮಹಾರಾಷ್ಟ್ರವು ಕೇಂದ್ರಕ್ಕಿಂತ ಮೊದಲೇ, 1969ರಲ್ಲಿ, ಜಲಮಾಲಿನ್ಯ ತಡೆಯ ಶಾಸನ ಮಾಡಿ 1970ರಲ್ಲಿ ಮಂಡಳಿಯನ್ನು ಸ್ಥಾಪಿಸಿತು. ಕೇಂದ್ರದ ಜಲ ಕಾಯಿದೆ 1974ರದು. ಭೋಪಾಲ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. ಇದರ ನಿಯಮಗಳಲ್ಲಿ ಯಾವ ವಸ್ತುವನ್ನು ಎಷ್ಟರಮಟ್ಟಿಗೆ ಎಲ್ಲಿ ಬಿಡಬಹುದೆಂಬ ಕೋಷ್ಟಕವಿದೆ. ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಮಿಗಿಂತ ಹೆಚ್ಚು ಷಡ್ವೇಲೆನ್ಸಿಯ ಕ್ರೋಮಿಯಂ ಇರಕೂಡದು. ಸಾರ್ವಜನಿಕ ಒಳಚರಂಡಿಗೆ ಬಿಡುವುದಾದರೆ 2 ಮಿಲಿಗ್ರಾಮಿನವರೆಗೆ ಅನುಮತಿಯುಂಟು. ಅಂದರೆ ಇಪ್ಪತ್ತು ಪಟ್ಟು. ಸಯನೈಡಿಗೆ ನದಿಯಲ್ಲಿ 0.2, ಒಳಚರಂಡಿಯಲ್ಲಿ 2. ಸೀಸಕ್ಕೆ ನದಿಯಲ್ಲಿ 0.1, ಒಳಚರಂಡಿಯಲ್ಲಿ 1. ಇವೆರಡೂ ಹತ್ತು ಪಟ್ಟು.

ಇಷ್ಟೊಂದು ಉದಾರತೆಗೆ ಕಾರಣ, ಒಳಚರಂಡಿಯ ತುದಿಯಲ್ಲಿ ಶುದ್ಧೀಕರಣವಿದೆಯೆಂಬ ನಂಬಿಕೆ. ಆದುದರಿಂದಲೇ ಅದೇ ಕೋಷ್ಟಕದ ಅಡಿಯಲ್ಲೊಂದು ಟಿಪ್ಪಣಿಯಿದೆ: ಜೈವಿಕ ಶುದ್ಧೀಕರಣವನ್ನೊಳಗೊಂಡ ಎರಡನೆಯ ಹಂತದ ಸ್ಥಾವರಕ್ಕೆ ಆ ಒಳಚರಂಡಿ ತಲುಪುವುದಾದರೆ ಮಾತ್ರ ಈ ರಿಯಾಯಿತಿ, ಇಲ್ಲದಿದ್ದರೆ ನದಿಗೆ ಬಿಟ್ಟಂತೆಯೇ ಲೆಕ್ಕ. ಮುಂಬಯಿಯ ಮಟ್ಟಿಗೆ ಈ ಟಿಪ್ಪಣಿಗಿರುವ ತೂಕ ಇಡೀ ಕೋಷ್ಟಕಕ್ಕಿಲ್ಲ. ಏಕೆಂದರೆ ವರಳಿ ಮತ್ತು ಬಾಂದ್ರಾದಂತಹ ದೊಡ್ಡ ವಲಯಗಳಲ್ಲಿ ಮಲಿನಜಲವನ್ನು ಜಾಲರಿಯಲ್ಲಿ ಸೋಸಿ, ಮರಳು ಕಲ್ಲುಗಳನ್ನು ಬೇರ್ಪಡಿಸಿ, ಸಮುದ್ರದಡಿಯ ಸುರಂಗದ ಮೂಲಕ ದಡದಿಂದ ಸುಮಾರು ಮೂರೂವರೆ ಕಿಲೋಮೀಟರು ದೂರ ಒಯ್ದು ಬಿಡುವುದೇ ವರ್ಷಗಳ ಕಾಲದ ಪದ್ಧತಿ. ಮನೆಯ ಕೊಳೆಯಾದರೆ ಸಮುದ್ರದ ಉಪ್ಪುನೀರಿನಲ್ಲಿ ಹರಡಿ ಕ್ರಮೇಣ ಕರಗೀತು. ಲೋಹ ಕರಗಿ ಇಲ್ಲವಾಗುವ ವಸ್ತುವಲ್ಲ. ಅದು ತಳದ ಕೆಸರನ್ನೂ ಅಲ್ಲಿಂದ ಮೀನಿನ ಮೈಯನ್ನೂ ಸೇರುತ್ತದೆ.

ಲೂಯಿವಿಲ್ ನಗರದ ಪಾಠ

ಒಳಚರಂಡಿಗೆ ಸುರಿದ ವಿಷ ಒಂದು ನಗರಕ್ಕೆ ಎಷ್ಟು ತುಟ್ಟಿಯಾಗಬಹುದೆಂಬುದಕ್ಕೆ ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರ ಒಳ್ಳೆಯ ಸಾಕ್ಷಿ. 1977ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಶುದ್ಧೀಕರಣ ಸ್ಥಾವರದ ಜಾಲರಿಗಳಿಗೆ ಅಂಟಂಟಾದ ಜಿಡ್ಡೊಂದು ಹತ್ತಿಕೊಂಡಿತು. ಕೆಲಸಗಾರರು ಅದನ್ನು ಕರಗಿಸಲೆಂದು ಬಿಸಿ ಹಬೆಯನ್ನು ಹಾಯಿಸಿದರು. ಜಿಡ್ಡು ಆವಿಯಾಗಿ ಎದ್ದಿತು. ಕಣ್ಣುರಿ, ತಲೆನೋವು, ಗಂಟಲ ಕೆರೆತದಿಂದ ಅವರು ತತ್ತರಿಸಿದರು. ಪರೀಕ್ಷಿಸಿದಾಗ ಅದು ಕೀಟನಾಶಕಗಳ ತಯಾರಿಕೆಯಲ್ಲಿ ಬಳಸುವ ಹೆಕ್ಸಾಕ್ಲೋರೋಸೈಕ್ಲೋಪೆಂಟಡೈಯೀನ್ ಎಂಬ ಘೋರ ವಸ್ತುವೆಂದು ತಿಳಿದುಬಂತು. ಕಾರ್ಖಾನೆಗಳ ತ್ಯಾಜ್ಯವನ್ನು ವಿಲೇವಾರಿ ಮಾಡುತ್ತೇನೆಂದು ಹಣ ಪಡೆದಿದ್ದ ಒಬ್ಬ ಗುತ್ತಿಗೆದಾರ ಅದನ್ನು ಗುಟ್ಟಾಗಿ ಒಳಚರಂಡಿಗೆ ಸುರಿಸಿದ್ದನು.

ಸ್ಥಾವರವನ್ನು ಮುಚ್ಚಬೇಕಾಯಿತು. ಸುಮಾರು ಮೂರು ತಿಂಗಳು ದಿನಕ್ಕೆ ಸುಮಾರು 10 ಕೋಟಿ ಗ್ಯಾಲನ್ ಕೊಳೆನೀರು ಶುದ್ಧವಾಗದೆ ಓಹಾಯೋ ನದಿಗೆ ಹರಿಯಿತು. ಅದೇ ನದಿಯ ಕೆಳಹರಿವಿನಲ್ಲಿ ಬೇರೆ ಊರುಗಳು ಕುಡಿಯುವ ನೀರನ್ನು ಎತ್ತುತ್ತಿದ್ದವು. ಗುತ್ತಿಗೆದಾರನಿಗೆ ನ್ಯಾಯಾಲಯ ಎರಡು ವರ್ಷ ಸೆರೆವಾಸವನ್ನೂ 50,000 ಡಾಲರ್ ದಂಡವನ್ನೂ ವಿಧಿಸಿತು. ನಗರಕ್ಕೆ ತಗುಲಿದ ವೆಚ್ಚದ ಮುಂದೆ ಆ ದಂಡ ಯಾವ ಲೆಕ್ಕಕ್ಕೂ ಬಾರದು.

ನಾಲ್ಕು ವರ್ಷ ಕಳೆಯುವುದರೊಳಗೆ ಅದೇ ಊರಿಗೆ ಎರಡನೆಯ ಪಾಠವಾಯಿತು. ಸೋಯಾ ಕಾಳಿನಿಂದ ಎಣ್ಣೆ ತೆಗೆಯುವ ಕಾರ್ಖಾನೆಯಿಂದ ಹೆಕ್ಸೇನ್ ಎಂಬ ದ್ರಾವಕ ಒಳಚರಂಡಿಗೆ ಸೋರಿತು. 1981ರ ಫೆಬ್ರವರಿ 13ರ ಮುಂಜಾವ ಹಾದುಹೋದ ಒಂದು ಕಾರಿನ ಕಿಡಿ ತಗುಲಿ, ಎರಡು ಮೈಲಿಗೂ ಮಿಕ್ಕು ಬೀದಿಗಳು ಬಾಯ್ದೆರೆದವು. ಮುಂಜಾವವಾದ್ದರಿಂದ ಯಾರೂ ಸಾಯಲಿಲ್ಲ. ಮೆಕ್ಸಿಕೋದ ಗ್ವಾದಲಹಾರಾ ನಗರಕ್ಕೆ ಅಂತಹ ಅದೃಷ್ಟವಿರಲಿಲ್ಲ. ಅಲ್ಲಿ ನೆಲದಡಿಯ ಪೆಟ್ರೋಲ್ ಕೊಳವೆ, ಅದಕ್ಕೆ ತಾಗಿಕೊಂಡಿದ್ದ ನೀರಿನ ಕೊಳವೆಯಿಂದಾಗಿ ತುಕ್ಕುಹಿಡಿದು ತೂತಾಗಿ, ಪೆಟ್ರೋಲು ಒಳಚರಂಡಿಗಿಳಿದಿತ್ತು. ಭೂಗತ ರೈಲಿನ ಕಾಮಗಾರಿಗೆಂದು ಒಳಚರಂಡಿಯನ್ನು ಬಾಗಿಸಿ ತಿರುಗಿಸಿದ್ದ ಸ್ಥಳದಲ್ಲಿ ಆವಿ ಸಿಕ್ಕಿಕೊಂಡಿತು. ಜನ ಎರಡು ಮೂರು ದಿನ ಮೊದಲೇ ವಾಸನೆಯ ಬಗ್ಗೆ ದೂರಿದ್ದರು. 1992ರ ಏಪ್ರಿಲ್ 22ರಂದು ಬೀದಿಗೆ ಬೀದಿಯೇ ಸಿಡಿದು ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಮುಂಬಯಿಯ ನೆಲದಡಿಯಲ್ಲಿ ಮೆಟ್ರೋ ಸುರಂಗಗಳನ್ನು ಕೊರೆದ, ಇನ್ನೂ ಕೊರೆಯಲಿರುವ ಕಾಲದಲ್ಲಿ ಈ ವಿವರ ಕುತೂಹಲಕ್ಕಷ್ಟೇ ಅಲ್ಲ.

ಕೊಳೆತ ಮೊಟ್ಟೆಯ ವಾಸನೆ

ನಮ್ಮ ದೇಶದಲ್ಲಿ ಹೆಚ್ಚಾಗಿ ಪ್ರಾಣಾಪಾಯ ತರುವುದು ಸ್ಫೋಟವಲ್ಲ, ಅನಿಲ. ಒಳಚರಂಡಿಯ ಕೆಸರಿನಲ್ಲಿ ಗಂಧಕದ ಸಂಯುಕ್ತಗಳು ಸದಾ ಇರುತ್ತವೆ. ಮೇಲಿನಿಂದ ಕಾರ್ಖಾನೆಯ ಆಮ್ಲ ಬಂದು ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಒಮ್ಮೆಲೇ ಭುಗಿಲೇಳುತ್ತದೆ. ಆಮ್ಲಕ್ಕೆ ಸಯನೈಡ್ ಕೂಡಿದರಂತೂ ಇನ್ನೂ ಭೀಕರವಾದ ಹೈಡ್ರೋಜನ್ ಸಯನೈಡ್. ಠಾಣೆ ಜಿಲ್ಲೆಯ ಉಲ್ಲಾಸನಗರದಲ್ಲಿ 2014ರ ನವೆಂಬರಿನಲ್ಲಿ ವಾಲ್ಧುನಿ ನದಿಗೆ ಟ್ಯಾಂಕರಿನಿಂದ ರಸಾಯನ ಸುರಿದಾಗ ಎದ್ದ ಅನಿಲದಿಂದ ನೂರಾರು ಜನ ಆಸ್ಪತ್ರೆ ಸೇರಿದರು. ಸೂರತ್ತಿನ ಸಚಿನ್ ಕೈಗಾರಿಕಾ ವಲಯದಲ್ಲಿ 2022ರ ಜನವರಿ 6ರಂದು ಟ್ಯಾಂಕರಿನಿಂದ ಮೋರಿಗೆ ತ್ಯಾಜ್ಯ ಸುರಿದ ಪರಿಣಾಮವಾಗಿ ಆರು ಮಂದಿ ಕಾರ್ಮಿಕರು ಸತ್ತರು. ಲೂಧಿಯಾನದ ಗ್ಯಾಸ್‌ಪುರಾದಲ್ಲಿ 2023ರ ಏಪ್ರಿಲ್ 30ರ ಬೆಳಿಗ್ಗೆ ಒಳಚರಂಡಿಯಿಂದ ಹೊಮ್ಮಿದ ವಿಷಾನಿಲಕ್ಕೆ ಹನ್ನೊಂದು ಮಂದಿ ಬಲಿಯಾದರು. ಅವರಾರೂ ಗಟಾರಕ್ಕಿಳಿದವರಲ್ಲ, ತಮ್ಮ ಮನೆ ಅಂಗಡಿಗಳಲ್ಲಿದ್ದವರು, ದಾರಿಯಲ್ಲಿದ್ದವರು.

ಹೈಡ್ರೋಜನ್ ಸಲ್ಫೈಡಿನ ಒಂದು ಕಪಟಗುಣವನ್ನು ಎಲ್ಲರೂ ಅರಿತಿರಬೇಕು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ನೂರು ಭಾಗವನ್ನು ದಾಟಿದರೆ ಮೂಗಿನ ನರಗಳು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. ಐನೂರನ್ನು ಮೀರಿದರೆ ಪ್ರಜ್ಞೆ ತಪ್ಪುತ್ತದೆ. ಸಾವಿರದ ಆಸುಪಾಸಿನಲ್ಲಿ ಒಂದೆರಡು ಉಸಿರಿಗೇ ಸಾವು. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವರೇ ಹಲವರು ಸತ್ತಿದ್ದಾರೆ. ಇಳಿದವನನ್ನು ಎತ್ತಲು ಎರಡನೆಯವನು, ಅವನನ್ನು ಎತ್ತಲು ಮೂರನೆಯವನು ಇಳಿದು ಸಾಲಾಗಿ ಸತ್ತ ಸುದ್ದಿಗಳು ಪತ್ರಿಕೆಗಳಲ್ಲಿ ಮರುಕಳಿಸುತ್ತಲೇ ಇವೆ.

ಹೀಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಆಜ್ಞಾಪಿಸಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಈ ನಿಷೇಧ ಮಹಾನಗರಪಾಲಿಕೆಗೆ ಅನ್ವಯಿಸುವಂತೆಯೇ ಗೃಹನಿರ್ಮಾಣ ಸೊಸಾಯಿಟಿಗಳಿಗೂ ಅನ್ವಯಿಸುತ್ತದೆ. ಮಳೆಗಾಲಕ್ಕೆ ಮುಂಚೆ ಕಟ್ಟಡದ ಚೇಂಬರು ಕಟ್ಟಿಕೊಂಡಿತೆಂದು ಬೀದಿಯಲ್ಲಿ ಹೋಗುವವನೊಬ್ಬನನ್ನು ಕರೆದು, ಐನೂರು ರೂಪಾಯಿ ಕೈಗಿತ್ತು ಕೆಳಗಿಳಿಸುವ ಕಾರ್ಯದರ್ಶಿಗಳು ತಾವು ಅಪರಾಧ ಮಾಡುತ್ತಿದ್ದೇವೆಂದು ತಿಳಿದಿರುವುದಿಲ್ಲ. ಹೀರುಯಂತ್ರದ ಗಾಡಿಗೆ ತಗುಲುವ ಖರ್ಚು ಒಂದು ಜೀವಕ್ಕಿಂತ ಹೆಚ್ಚಿನದಲ್ಲ.

ಮನೆಯ ನಲ್ಲಿಯವರೆಗೆ

ಕೊಳವೆಯೊಳಗಿನ ವಿಷ ಕೊಳವೆಯಲ್ಲಿಯೇ ಉಳಿಯುವುದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮುಂಬಯಿಯಲ್ಲಿ ಕುಡಿಯುವ ನೀರು ಬಹುತೇಕ ಕಡೆಗಳಲ್ಲಿ ದಿನದ ಕೆಲವೇ ಗಂಟೆ ಬರುತ್ತದೆ. ನೀರಿದ್ದಾಗ ಕೊಳವೆಯೊಳಗಿನ ಒತ್ತಡ ಹೊರಗಿನ ಕೊಳೆಯನ್ನು ದೂರವಿಡುತ್ತದೆ. ನೀರು ನಿಂತಾಗ ಕೊಳವೆ ಬರಿದಾಗಿ, ಬಿರುಕಿದ್ದಲ್ಲಿ ಸುತ್ತಲಿನ ಗಟಾರದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬಂದ ಮೊದಲ ಹತ್ತು ನಿಮಿಷ ಬಣ್ಣಗೆಟ್ಟು ಬರುವುದಕ್ಕೆ ಇದೂ ಒಂದು ಕಾರಣ. ಅಂತಹ ನೀರನ್ನು ಕುದಿಸಿದರೆ ವಿಷಮಶೀತಜ್ವರ, ಕಾಮಾಲೆಗಳ ಕ್ರಿಮಿಗಳು ಸಾಯುತ್ತವೆ. ಆದರೆ ಸೀಸ, ಕ್ರೋಮಿಯಂಗಳು ಕುದಿಯುವುದರಿಂದ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಕುದಿಸಿದ ನೀರೆಂದರೆ ಸರ್ವಥಾ ನಿರಪಾಯವೆಂಬ ನಂಬಿಕೆ ಅರ್ಧಸತ್ಯ. ಎಣ್ಣೆಯ, ಬಣ್ಣದ ಅಥವಾ ಔಷಧಿಯ ವಾಸನೆ ಬರುವ ನೀರನ್ನು ಕುದಿಸಿ ಕುಡಿಯುವುದಕ್ಕಿಂತ ಚೆಲ್ಲುವುದೇ ಲೇಸು.

ಸೊಪ್ಪು ತರಕಾರಿಗಳದು ಇನ್ನೊಂದು ದಾರಿ. ರೈಲುಹಳಿಗಳ ಪಕ್ಕದಲ್ಲಿ ನಾಲಾದ ನೀರಿನಿಂದ ಬೆಳೆಸಿದ ಪಾಲಕ್, ಬೆಂಡೆಗಳನ್ನು ಉಪನಗರದ ಪ್ರಯಾಣಿಕರು ದಶಕಗಳ ಕಾಲ ಕಿಟಕಿಯಿಂದ ಕಂಡಿದ್ದಾರೆ. ಸೊಪ್ಪಿನ ಎಲೆಗಳು ಕ್ಯಾಡ್ಮಿಯಂ ಅನ್ನು ಬೇರಿನಿಂದ ಹೀರಿಕೊಳ್ಳುವುದರಿಂದ ಎಷ್ಟು ತೊಳೆದರೂ ಅದು ಹೋಗದು. ಮೀನಿನ ವಿಷಯದಲ್ಲಿ ಭಯಪಡಬೇಕಾದದ್ದು ಪಾದರಸಕ್ಕೆ. ಜಪಾನಿನ ಮಿನಮಾತದಲ್ಲಿ 1956ರಲ್ಲಿ ಬೆಳಕಿಗೆ ಬಂದ ನರರೋಗ ಕಾರ್ಖಾನೆಯ ಪಾದರಸ ಮೀನಿನ ಮೂಲಕ ಮನುಷ್ಯನನ್ನು ಸೇರಿದ್ದರಿಂದಾದುದು. ದೊಡ್ಡ ಮೀನು ಸಣ್ಣ ಮೀನನ್ನು ತಿಂದಂತೆ ಪಾದರಸ ಕೂಡುತ್ತಾ ಹೋಗುತ್ತದೆ. ಆದುದರಿಂದ ಬಂಗುಡೆ, ಬೂತಾಯಿಗಳಂತಹ ಸಣ್ಣ ಮೀನುಗಳಲ್ಲಿ ಅದು ಕಡಿಮೆ, ಶಾರ್ಕಿನಂತಹವುಗಳಲ್ಲಿ ಹೆಚ್ಚು. ಗರ್ಭಿಣಿಯರು ಈ ವ್ಯತ್ಯಾಸವನ್ನು ಗಮನಿಸಬೇಕು.

ಮಳೆಗಾಲದಲ್ಲಿ ಎಲ್ಲ ದಾರಿಗಳೂ ಒಂದಾಗುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ದಾಖಲಾದಾಗ ಮೀಠೀ ನದಿ ತನ್ನೊಡಲಲ್ಲಿ ಇದ್ದುದನ್ನೆಲ್ಲ ಮನೆಮನೆಗೆ ಹಿಂದಿರುಗಿಸಿತು. ಇಲಿಜ್ವರದ ಮಾತು ಆಗ ಎಲ್ಲರ ಬಾಯಲ್ಲಿತ್ತು. ಗೋಡೆಗಳ ಮೇಲೆ ಉಳಿದ ಎಣ್ಣೆಯ ಕರಿಗೆರೆಯನ್ನು ಕುರಿತು ಮಾತನಾಡಿದವರು ಕಡಿಮೆ.

ಯಾರು ತೆರುವುದು?

ವೆಚ್ಚಗಳಲ್ಲಿ ಕೆಲವು ಕಣ್ಣಿಗೆ ಬೀಳುವುದಿಲ್ಲ. ಮೇಲೆ ಹೇಳಿದ ಅನಿಲವು ಕೊಳವೆಯ ಒಳಛಾವಣಿಯ ತೇವದಲ್ಲಿ ಬ್ಯಾಕ್ಟೀರಿಯಗಳಿಂದ ಗಂಧಕಾಮ್ಲವಾಗಿ ಮಾರ್ಪಟ್ಟು ಕಾಂಕ್ರೀಟನ್ನು ತಿನ್ನುತ್ತದೆ. ಸೆಕೆಯ ಊರುಗಳಲ್ಲಿ ಇದು ಇನ್ನೂ ತ್ವರಿತ. ರಸ್ತೆ ಒಂದು ದಿನ ಕುಸಿದಾಗ ಮಳೆಯನ್ನು ದೂರುವುದು ವಾಡಿಕೆ. ಇನ್ನು ಕಾಣುವ ವೆಚ್ಚ: ವರಳಿ, ಬಾಂದ್ರಾ, ಧಾರಾವಿ, ವರ್ಸೋವಾ, ಮಲಾಡ, ಭಾಂಡೂಪ, ಘಾಟ್ಕೋಪರಗಳಲ್ಲಿ ಏಳು ಹೊಸ ಶುದ್ಧೀಕರಣ ಸ್ಥಾವರಗಳಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು. ದಿನಕ್ಕೆ ಸುಮಾರು 246 ಕೋಟಿ ಲೀಟರು ಶುದ್ಧಗೊಳಿಸುವ ಈ ಯೋಜನೆಗೆ ಆಗ ಅಂದಾಜಿಸಿದ ವೆಚ್ಚ ಸುಮಾರು 17,200 ಕೋಟಿ ರೂಪಾಯಿ. ಮೀಠೀ ನದಿಯ ಹೂಳೆತ್ತುವುದಕ್ಕೆ ಪ್ರತಿವರ್ಷ ಬೇರೆ ಖರ್ಚು. ಆ ಗುತ್ತಿಗೆಗಳಲ್ಲಿಯೇ 65 ಕೋಟಿ ರೂಪಾಯಿಗೂ ಮಿಕ್ಕು ವಂಚನೆಯಾಗಿದೆಯೆಂಬ ಆರೋಪದ ಮೇಲೆ 2025ರಲ್ಲಿ ಪೊಲೀಸರು ಮೊಕದ್ದಮೆ ದಾಖಲಿಸಿದರು. ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಎತ್ತಿಹಿಡಿದಿದೆ. ಆದರೂ ರಾತ್ರಿ ಎರಡು ಗಂಟೆಗೆ ಟ್ಯಾಂಕರು ಬರಿದುಮಾಡಿ ಹೋದವನ ವಿಳಾಸ ಸಿಗದಿದ್ದಾಗ ತೆರುವವರು ನೀರಿನ ಬಿಲ್ಲಿನೊಡನೆ ಮಲಿನಜಲ ಶುಲ್ಕ ಕಟ್ಟುವ ನಾಗರಿಕರೇ.

ಹೊಸ ಸ್ಥಾವರಗಳು ಜೈವಿಕ ವಿಧಾನದವು ಆದ್ದರಿಂದಲೇ ಮೇಲ್ಭಾಗದ ಸಣ್ಣ ಕಾರ್ಖಾನೆಗಳ ವಿಷವನ್ನು ತಡೆಯುವುದು ಮೊದಲಿಗಿಂತ ಈಗ ಹೆಚ್ಚು ಅಗತ್ಯ. ತಡೆಯದೆ ಹೋದರೆ ಲೂಯಿವಿಲ್ಲಿಗೆ ಆದುದು ಇಲ್ಲಿಯೂ ಆಗಬಹುದು. ಬೆಂಗಳೂರಿನ ಉದಾಹರಣೆಯೂ ಕಣ್ಣಮುಂದಿದೆ. ಪೀಣ್ಯದ ಲೇಪನ ಘಟಕಗಳ ನೀರೂ ಊರಿನ ಕೊಳೆಯೂ ಕೂಡಿ ಹರಿಯುವ ವೃಷಭಾವತಿ ಬೈರಮಂಗಲದ ಕೆರೆಯನ್ನು ತುಂಬುತ್ತದೆ. ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ 2015, 2017 ಮತ್ತು 2018ರಲ್ಲಿ ಹೊತ್ತಿ ಉರಿದುದನ್ನು ಜಗತ್ತೇ ಕಂಡಿತು. ಸಣ್ಣ ಘಟಕಗಳ ಮಾಲೀಕರ ಕಷ್ಟವೂ ಸುಳ್ಳಲ್ಲ. ಹತ್ತು ಜನರಿಟ್ಟು ನಡೆಸುವ ಲೇಪನ ಕಾರ್ಯಾಗಾರ ಸ್ವಂತ ಶುದ್ಧೀಕರಣ ಘಟಕವನ್ನು ಕಟ್ಟಲಾರದು. ಅಂತಹವರಿಗೆಂದೇ ಇರುವ ಸಾಮೂಹಿಕ ಸ್ಥಾವರಗಳಿಗೆ ಅವರ ನೀರು ದಿನವೂ ನ್ಯಾಯವಾದ ದರದಲ್ಲಿ ತಲುಪುವಂತೆ ಮಾಡುವುದು ಬರಿಯ ದಂಡಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಹೋಟೆಲು ಉದ್ಯಮದಲ್ಲಿ ಹೆಸರು ಮಾಡಿದ ಕನ್ನಡಿಗರೂ ಈ ಲೆಕ್ಕದಿಂದ ಹೊರಗಿಲ್ಲ. ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆಜಿಡ್ಡಿನ ಮಿತಿ ಲೀಟರಿಗೆ 20 ಮಿಲಿಗ್ರಾಂ. ವಡೆ ಕರಿದ ಎಣ್ಣೆಯನ್ನು ಮೋರಿಗೆ ಸುರಿದರೆ ಅದು ಕೊಳವೆಯೊಳಗೆ ಹೆಪ್ಪುಗಟ್ಟಿ, ಮೇಲಿನಿಂದ ಬಂದ ದ್ರಾವಕಗಳನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಜಿಡ್ಡು ಹಿಡಿಯುವ ತೊಟ್ಟಿಯನ್ನು ವಾರಕ್ಕೊಮ್ಮೆ ಬಳಿದು, ಬಳಸಿದ ಎಣ್ಣೆಯನ್ನು ಜೈವಿಕ ಡೀಸೆಲ್ ತಯಾರಿಸುವವರಿಗೆ ಕೊಟ್ಟರೆ ಅದರಿಂದ ನಾಲ್ಕು ಕಾಸೂ ಬಂದೀತು. ಮನೆಗಳಲ್ಲಿ ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಬೆರೆಸಬಾರದು. ಮುಚ್ಚಿದ ಬಚ್ಚಲಲ್ಲಿ ಅದರಿಂದೇಳುವ ಕ್ಲೋರೀನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಗಟಾರದಿಂದ ಪೆಟ್ರೋಲ್, ದ್ರಾವಕ ಅಥವಾ ಕೊಳೆತ ಮೊಟ್ಟೆಯ ತೀಕ್ಷ್ಣ ವಾಸನೆ ಬಂದಲ್ಲಿ ಬೆಂಕಿಕಡ್ಡಿ ಗೀರಬಾರದು, ವಿದ್ಯುತ್ ಗುಂಡಿಗಳನ್ನು ಮುಟ್ಟಬಾರದು, ಮುಚ್ಚಳ ತೆರೆದು ಇಣುಕಬಾರದು. ಕಿಟಕಿಗಳನ್ನು ತೆರೆದು, ಮಕ್ಕಳನ್ನೂ ವೃದ್ಧರನ್ನೂ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹೊರಕ್ಕೆ ಕರೆದೊಯ್ಯಬೇಕು. ಎಚ್ಚರತಪ್ಪಿ ಒಳಗೆ ಬಿದ್ದವನನ್ನು ಉಸಿರಾಟದ ಉಪಕರಣವಿಲ್ಲದೆ ಎತ್ತಲು ಹೋಗಬಾರದು. ಅಗ್ನಿಶಾಮಕ ದಳಕ್ಕೆ 101, ಮಹಾನಗರಪಾಲಿಕೆಯ ಆಪತ್ತು ನಿರ್ವಹಣಾ ಕೇಂದ್ರಕ್ಕೆ 1916 ಸಂಖ್ಯೆಗೆ ತಿಳಿಸಬೇಕು. ಹೊರಗೆ ತಂದವನಿಗೆ ಉಸಿರು ನಿಂತಿದ್ದರೆ ಎದೆಯನ್ನು ಒತ್ತುತ್ತಿರಬೇಕು, ಬಾಯಿಗೆ ಬಾಯಿಟ್ಟು ಊದಬಾರದು. ಆಸ್ಪತ್ರೆಯಲ್ಲಿ ವೈದ್ಯರಿಗೆ ‘ಗಟಾರದ ಅನಿಲ’ ಎಂದು ಮೊದಲ ಮಾತಿನಲ್ಲಿಯೇ ಹೇಳಬೇಕು. ರಾತ್ರಿ ಹೊತ್ತು ನಾಲಾದ ಬಳಿ ನಿಂತ ಟ್ಯಾಂಕರು ಕಂಡರೆ ಅದರ ನೋಂದಣಿ ಸಂಖ್ಯೆ, ವೇಳೆ, ಸ್ಥಳ ಈ ಮೂರನ್ನು ಬರೆದಿಟ್ಟು 112ಕ್ಕೆ ಕರೆಮಾಡುವುದು ಸಾಕು. ಹತ್ತಿರ ಹೋಗುವ ಅವಶ್ಯಕತೆಯಿಲ್ಲ.